ಗಂಧ: ಮದ್ದೋ, ನೆಮ್ಮದಿಯೋ?

ರಾಜಾಜಿನಗರದಿಂದ ಯಶವಂತಪುರದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ‘ಸೋಪ್ ಫ್ಯಾಕ್ಟರಿ’ ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಗಾಳಿ ಇತ್ತ ಬೀಸಿದರೆ ಮೂಗಿಗೇ ಗೊತ್ತಾಗುತ್ತದೆ. ಹೊಗೆ, ದೂಳು, ಹಾರ್ನಿನ ಗಲಾಟೆಯ ನಡುವೆ ತೇಲಿ ಬರುವ ಆ ಶ್ರೀಗಂಧದ ವಾಸನೆಗೆ ಅರೆಗಳಿಗೆ ಮನಸ್ಸು ಹಗುರಾಗುವುದೂ ಉಂಟು.

ಈ ಹಗುರಾಗುವಿಕೆಯನ್ನೇ ಇಂದು ಪುಟ್ಟ ಸೀಸೆಗಳಲ್ಲಿ ತುಂಬಿ ಮಾರಲಾಗುತ್ತಿದೆ. ನಿದ್ದೆಗೆ ಲ್ಯಾವೆಂಡರ್, ನೆಗಡಿಗೆ ನೀಲಗಿರಿ, ತಲೆನೋವಿಗೆ ಪುದೀನ, ಚಿಂತೆಗೆ ಶ್ರೀಗಂಧ ಎಂದು ಚೀಟಿ ಅಂಟಿಸಿದ ತೈಲಗಳು ವಿಜಯನಗರ, ಬಸವೇಶ್ವರನಗರಗಳ ಅಂಗಡಿಗಳಲ್ಲೂ ಸಿಗುತ್ತವೆ. ಇದಕ್ಕೆ ‘ಆರೋಮಾಥೆರಪಿ’ ಎಂಬ ಹೆಸರು. ಆ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನ ತಜ್ಞ ರೆನೆ ಮಾರಿಸ್ ಗಾಟ್‌ಫೊಸೆ. 1937ರಲ್ಲಿ ಅವರ ಪುಸ್ತಕ ಅದೇ ಶೀರ್ಷಿಕೆಯಲ್ಲಿ ಹೊರಬಂತು. ಹೆಸರು ಹೊಸದಾದರೂ ಪದ್ಧತಿ ನಮಗೆ ಹಳೆಯದು. ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಹಣೆಗೆ ಹಚ್ಚಿದವರು, ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಿದವರು, ನೀರಿನ ಹೂಜಿಗೆ ಲಾವಂಚದ ಬೇರು ಇಳಿಬಿಟ್ಟವರು ನಮ್ಮ ಅಜ್ಜಿಯರೇ. ಹಾಗಾದರೆ ಪರಿಮಳ ನಿಜಕ್ಕೂ ಮದ್ದೇ?

ಉತ್ತರಕ್ಕೆ ನಮ್ಮ ಗಂಧದೆಣ್ಣೆಯ ಕಥೆಯಿಂದಲೇ ಹೊರಡಬಹುದು. ಮೈಸೂರು ಸಂಸ್ಥಾನ ಹಿಂದೆ ಶ್ರೀಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವುಗಳಲ್ಲಿ ಬಹುಪಾಲು ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ವ್ಯಾಪಾರ ನಿಂತು ಕೊರಡುಗಳು ಇಲ್ಲೇ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿ, ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲವದು. ಎಣ್ಣೆಯನ್ನು ಇಲ್ಲೇ ತೆಗೆಯುವ ಯೋಚನೆ ಹುಟ್ಟಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅದರ ವಿಧಾನ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಭಟ್ಟಿ ಇಳಿಸುವ ಕೆಲಸ ಶುರುವಾಯಿತು. ಮರುವರ್ಷ ಮೈಸೂರಿನ ಕಾರ್ಖಾನೆ ಬಂತು. ಸೋಪು ತಯಾರಿಕೆಯನ್ನು ಕಲಿಯಲು ಎಸ್.ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಪು ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದದ್ದು 1957ರಲ್ಲಿ.

ಆ ಕಾಲದಲ್ಲಿ ಗಂಧದೆಣ್ಣೆ ಬರೀ ಸುಗಂಧದ ಸರಕಾಗಿರಲಿಲ್ಲ. ಯೂರೋಪಿನ ವೈದ್ಯರು ಅದನ್ನು ಗುಳಿಗೆಯಲ್ಲಿ ತುಂಬಿ ಗೊನೋರಿಯಾ ಎಂಬ ಲೈಂಗಿಕ ರೋಗಕ್ಕೆ ಕೊಡುತ್ತಿದ್ದರು. ಬ್ರಿಟಿಷ್ ಔಷಧ ಸಂಹಿತೆಯಲ್ಲೂ ಅದಕ್ಕೆ ಸ್ಥಾನವಿತ್ತು. 1930ರ ದಶಕದಲ್ಲಿ ಸಲ್ಫಾ ಮಾತ್ರೆಗಳು, ಅನಂತರ ಪೆನ್ಸಿಲಿನ್ ಬಂದವು. ರೋಗವನ್ನು ನಿಜವಾಗಿ ಗುಣಪಡಿಸುವ ಮದ್ದು ಸಿಕ್ಕೊಡನೆ ಗಂಧದೆಣ್ಣೆ ಔಷಧದ ಕಪಾಟಿನಿಂದ ಇಳಿಯಿತು. ಅದರ ಬೆಲೆ ಮಾತ್ರ ಇಳಿಯಲಿಲ್ಲ. ಜನರಿಗೆ ಬೇಕಾಗಿದ್ದುದು ಅದರ ಪರಿಮಳ.

ಈ ಪರಿಮಳ ಇರುವುದು ಮರದ ಚೇಗಿನಲ್ಲಿ. ಚೇಗನ್ನು ಪುಡಿ ಮಾಡಿ ಅದರ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಒಳ್ಳೆಯ ಚೇಗಾದರೆ ನೂರು ಕಿಲೋಗೆ ನಾಲ್ಕೈದು ಕಿಲೋ ಎಣ್ಣೆ ಸಿಕ್ಕೀತು. ಅದರ ಜೀವಾಳ ಸ್ಯಾಂಟಲಾಲ್ ಎಂಬ ರಾಸಾಯನಿಕ. ಗಿಡಮೂಲಿಕೆಯ ತೈಲವೆಂದರೆ ಹೀಗೆ ರಾಶಿ ಸೊಪ್ಪು, ಹೂವು, ತೊಗಟೆಗಳ ಸಾರವನ್ನು ಕೆಲವೇ ಹನಿಗಳಿಗೆ ಇಳಿಸಿದ್ದು. ‘ಗಿಡದ್ದು ತಾನೇ, ಏನಾದೀತು?’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ವಾಸನೆ ಮನಸ್ಸನ್ನು ಮುಟ್ಟುತ್ತದೆ ಎಂಬುದು ನಿಜ. ಮೂಗಿನೊಳಗಿನ ಗ್ರಾಹಕಗಳು ಗಂಧದ ಕಣಗಳನ್ನು ಹೇಗೆ ಗುರುತಿಸುತ್ತವೆ ಎಂದು ತೋರಿಸಿಕೊಟ್ಟದ್ದಕ್ಕೆ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಹುಮಾನ ಬಂತು. ಮೂಗಿನಿಂದ ಹೊರಟ ಸಂದೇಶ ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳ ಕೇಂದ್ರಗಳಿಗೆ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಮಲ್ಲಿಗೆಯ ವಾಸನೆಗೆ ಎಂದೋ ನಡೆದ ಮದುವೆಮನೆ ಕಣ್ಣಮುಂದೆ ಬರುವುದು ಇದರಿಂದಲೇ.

ಆದರೆ ನೆಮ್ಮದಿ ಬೇರೆ, ಚಿಕಿತ್ಸೆ ಬೇರೆ. ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ ಪೊಳ್ಳು ಗುಳಿಗೆ ಕೊಡುತ್ತಾರೆ. ವಾಸನೆಯನ್ನು ಹೀಗೆ ಮುಚ್ಚಿಡುವುದು ಹೇಗೆ? ಮೂಸಿದವರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಮೂಸುವುದರಿಂದ ರೋಗ ವಾಸಿಯಾಗುತ್ತದೆ ಎಂಬ ಮಾತುಗಳಿಗೆ ಗಟ್ಟಿ ಸಾಕ್ಷ್ಯ ಕಡಿಮೆ. ಸಾಕ್ಷ್ಯ ಇರುವ ಉದಾಹರಣೆಗಳೂ ಇವೆ. ಕರುಳಿನಲ್ಲಿ ಕರಗುವಂತೆ ಮಾಡಿದ ಪುದೀನ ತೈಲದ ಗುಳಿಗೆ ಕರುಳಿನ ಕಿರಿಕಿರಿಗೆ ಉಪಶಮನ ಕೊಡುತ್ತದೆ. ಲವಂಗದೆಣ್ಣೆಯ ಯೂಜಿನಾಲನ್ನು ಹಲ್ಲಿನ ವೈದ್ಯರು ಇಂದಿಗೂ ಬಳಸುತ್ತಾರೆ. ಇಲ್ಲೆಲ್ಲ ಕೆಲಸ ಮಾಡುವುದು ಅಳತೆಯಲ್ಲಿ ಬಳಸಿದ ರಾಸಾಯನಿಕ, ವಾಸನೆಯಲ್ಲ.

ಅಳತೆ ತಪ್ಪಿದರೆ ಪೆಟ್ಟು ಬೀಳುವುದು ಮಕ್ಕಳಿಗೆ. ನೆಗಡಿಯಾದ ಕೂಸಿನ ಕೊರಳಿಗೆ ಕರ್ಪೂರದ ಗಂಟು ಕಟ್ಟುವುದು, ಮೂಗಿಗೆ ನೀಲಗಿರಿ ಎಣ್ಣೆ ಸವರುವುದು ನಮ್ಮಲ್ಲಿ ಮಾಮೂಲು. ಒಂದು ಟೀ ಚಮಚದಷ್ಟು ನೀಲಗಿರಿ ಎಣ್ಣೆ ಹೊಟ್ಟೆಗಿಳಿದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ. ಕರ್ಪೂರ ನುಂಗಿದ ಮಕ್ಕಳಲ್ಲಿ ಫಿಟ್ಸ್ ಬರುತ್ತದೆ. ಇವೆರಡರ ತೈಲಗಳಿಂದ ದೊಡ್ಡವರಲ್ಲೂ ಫಿಟ್ಸ್ ಕಾಣಿಸಿಕೊಂಡದ್ದನ್ನು ಬೆಂಗಳೂರಿನ ನರರೋಗ ತಜ್ಞರು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅಪಸ್ಮಾರ ಇರುವವರು ವೈದ್ಯರೊಡನೆ ಮಾತನಾಡುವಾಗ ತಾವು ಹಚ್ಚುವ ಬಾಮಿನ ಹೆಸರನ್ನೂ ಹೇಳಬೇಕು.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಸರಳ. ಸೀಸೆ ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ವೈದ್ಯರು ಹೇಳದೆ ತೈಲವನ್ನು ಕುಡಿಯಬಾರದು. ಮೈಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯಲ್ಲಿ ತೆಳುವಾಗಿಸಿ, ಮೊದಲು ಮೊಣಕೈ ಮೇಲೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುವುದು ಕ್ಷೇಮ. ಮಗುವಿನ ಉಸಿರು ಕಷ್ಟವಾಗಿದ್ದರೆ ಪರಿಮಳ ಹುಡುಕದೆ ಆಸ್ಪತ್ರೆಗೆ ಓಡಬೇಕು.

ಅಷ್ಟು ಎಚ್ಚರವಿದ್ದರೆ ಗಂಧವನ್ನು ಅನುಮಾನಿಸಬೇಕಾಗಿಲ್ಲ. ಅದರಿಂದ ಜ್ವರ ಇಳಿಯದಿರಬಹುದು, ಬಿ.ಪಿ. ಮಾತ್ರೆ ತಪ್ಪದಿರಬಹುದು. ದುಡಿದು ದಣಿದು ಸಂಜೆ ಬಸ್ಸಿನಲ್ಲಿ ಮನೆಗೆ ಮರಳುವಾಗ, ಸೋಪ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಮ್ಮೆ ಉಸಿರು ದೀರ್ಘವಾಗಿ ಎಳೆದುಕೊಳ್ಳುವಂತೆ ಅದು ಮಾಡುತ್ತದಲ್ಲ, ಆ ನೆಮ್ಮದಿ ಸುಳ್ಳಲ್ಲ. ಅದನ್ನು ಮದ್ದೆಂದು ಕರೆಯದಿದ್ದರೆ ಆಯಿತು.