ಒಲೆ ಹಚ್ಚಬಾರದ ದಿನ ಏನು ಉಣ್ಣುವುದು?

ಪುಣೆಯಲ್ಲಿ ಎಲ್ಲಿಯ ಭೂಕಂಪ ಎನ್ನಬೇಡಿ. 1967ರ ಡಿಸೆಂಬರ್ 11ರಂದು ಕೊಯ್ನಾನಗರ ನಡುಗಿದಾಗ ಪುಣೆಯೂ ನಡುಗಿತ್ತು, ಮುಂಬಯಿಗೆ ಕರೆಂಟ್ ಕೈಕೊಟ್ಟಿತ್ತು. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ, ಗಣಪತಿ ಕಳಿಸಿ ಮಲಗಿದ್ದವರಲ್ಲಿ ಸುಮಾರು ಹತ್ತು ಸಾವಿರ ಜನ ಮತ್ತೆ ಏಳಲಿಲ್ಲ. ನಮ್ಮ ಬೀದರ್, ಕಲಬುರಗಿಯೂ ಅಲುಗಿದವು. ಎರಡೂ ಬಂದದ್ದು ನಸುಕಿನ ನಾಲ್ಕರ ಸುಮಾರಿಗೆ. ಆ ಹೊತ್ತಿನಲ್ಲಿ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ನಡುಕ ನಿಂತ ಮೇಲೆ ಮೊದಲು ಕಾಲಿಗೆ ಚಪ್ಪಲಿ, ಆಮೇಲೆ ಗ್ಯಾಸ್ ಬಂದ್. ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗೋಡೆ, ಕಂಬ ಬಿರುಕು ಬಿಟ್ಟಿದ್ದರೆ ಒಳಗೆ ಹೋಗಲೇಬೇಡಿ.

ಮನೆ ಗಟ್ಟಿಯಾಗಿದ್ದರೂ ಕರೆಂಟ್ ಇಲ್ಲದಿದ್ದರೆ ಪಂಪ್ ಓಡದು, ನಲ್ಲಿಯಲ್ಲಿ ನೀರು ಬಾರದು. ಪೈಪ್, ರೆಗ್ಯುಲೇಟರ್ ಪರೀಕ್ಷಿಸುವ ತನಕ ಒಲೆಯೂ ಬೇಡ. ಆಗ ಊಟಕ್ಕೇನು? ಊರಿಂದ ಹೊರಡುವಾಗ ಅವ್ವ ಕಟ್ಟಿಕೊಡುವ ಗಂಟೇ ಸಾಕು:

• ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿಯನ್ನು ನೀರಲ್ಲಿ ನೆನೆಸಿ ಕೊಡಿ.
• ತೆಳು ಅವಲಕ್ಕಿ. ಕುಡಿಯುವ ನೀರು ಚಿಮುಕಿಸಿ, ಬೆಲ್ಲ ಅಥವಾ ಚಟ್ನಿಪುಡಿ ಕಲಸಿದರೆ ಆಯಿತು.
• ಚುರುಮುರಿ, ಪುಟಾಣಿ, ಶೇಂಗಾ. ಬರೀ ಚುರುಮುರಿಯಿಂದ ಹೊಟ್ಟೆ ನಿಲ್ಲದು; ಪುಟಾಣಿ, ಶೇಂಗಾ ಸೇರಿದರೆ ಪ್ರೋಟೀನ್ ಸಿಗುತ್ತದೆ.

*ಫ್ರಿಜ್:* ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಇರುತ್ತದೆ. ಆಮೇಲೆ ಹಾಲು, ಅನ್ನ, ಸಾರು, ಮಾಂಸ ಬೇಡ. ವಾಸನೆ ಬರದಿದ್ದರೂ ಕೆಟ್ಟಿರಬಹುದು.

*ನೀರು:* ಒಬ್ಬರಿಗೆ ದಿನಕ್ಕೆ ಮೂರು ಲೀಟರ್, ಮೂರು ದಿನಕ್ಕೆ. ನಾಲ್ವರ ಮನೆಗೆ 20 ಲೀಟರಿನ ಎರಡು ಕ್ಯಾನ್ ಸಾಕು.

*ಸಕ್ಕರೆ ಕಾಯಿಲೆಯವರು* ಊಟ ಬಿಟ್ಟು ಮಾತ್ರೆ, ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಂಶ ಕುಸಿಯುತ್ತದೆ. ಅಂಥ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಕೈ ನಡುಗಿ ಬೆವರು ಬಂದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ತಿನ್ನಿಸಿ. ಒಂದು ವಾರದ ಔಷಧ ಗಂಟಿನ ಜೊತೆಗಿರಲಿ. *ಬಿಪಿ ಇರುವವರು* ಉಪ್ಪಿನಕಾಯಿಯಿಂದ ದೂರ.

*ಎದೆಹಾಲು ಕುಡಿಯುವ ಕೂಸಿಗೆ* ಅದನ್ನೇ ಮುಂದುವರಿಸಿ. ತಾಯಿ ಗಾಬರಿಯಾದರೆ ಹಾಲು ಕೆಡುತ್ತದೆ ಎಂಬುದು ಸುಳ್ಳು.

*ಭೇದಿಯಾದರೆ:* ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಗುಟುಕು ಗುಟುಕಾಗಿ ಕುಡಿಸಿ.

ಈ ಭಾನುವಾರ ಒಂದು ಹೊತ್ತು ಒಲೆ ಹಚ್ಚದೆ, ನಲ್ಲಿ ತಿರುಗಿಸದೆ ಮನೆಮಂದಿಯೆಲ್ಲ ಉಂಡು ನೋಡಿ. ಏನು ಕಡಿಮೆ ಬಿತ್ತೋ ಅದನ್ನು ಸೋಮವಾರದ ಸಂತೆ ಚೀಟಿಗೆ ಸೇರಿಸಿ.