ಬಯಲು ಪಟ್ಟಿಯಾದಾಗ ಹುಟ್ಟಿದ ಅಡ್ಡಗಾಳಿ

ಆಷಾಢ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಬಯಲಲ್ಲಿ ಗಾಳಿಯದೇ ದರ್ಬಾರು. ಬಾಳೆ ಎಲೆ ಸೀಳುತ್ತದೆ, ಬೈಕ್ ಸವಾರರು ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಗುತ್ತಾರೆ. ಈ ಮೂರು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದೆಂದರೆ ಮೈಸೂರಿನ ಮಂಡಕಳ್ಳಿ. ಜಿಲ್ಲೆಯಲ್ಲಿ ವಿಮಾನದ ಮಾತೆತ್ತಿದರೆ ನೆನಪಾಗುವುದು 2023ರ ಜೂನ್ 1ರಂದು ಭೋಗಾಪುರದ ಬಳಿ ಬಿದ್ದ ವಾಯುಪಡೆಯ ಕಿರಣ್ ತರಬೇತಿ ವಿಮಾನ. ಪೈಲಟ್‌ಗಳಿಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಅದು ಹಾರಾಟದ ನಡುವೆ ಆದ ಅವಘಡ. ಪುಟ್ಟ ವಿಮಾನಗಳನ್ನು ಹೆಚ್ಚು ಸತಾಯಿಸುವುದು ಮಾತ್ರ ಇಳಿಯುವ ಹೊತ್ತಿನ ಅಡ್ಡಗಾಳಿ.

ಈ ತೊಂದರೆ ವಿಮಾನದ ಜೊತೆಗೇ ಹುಟ್ಟಿದ್ದಲ್ಲ.

ರಾಗಿ ಕಣವನ್ನು ನೆನೆಯಿರಿ. ಕಣ ದುಂಡಗಿರುತ್ತದೆ, ಗಾಳಿ ದಿಕ್ಕು ಬದಲಿಸಿದರೆ ತೂರುವವರೂ ನಿಂತ ಜಾಗ ಬದಲಿಸುತ್ತಾರೆ. ಮೊದಮೊದಲ ವಿಮಾನ ಮೈದಾನಗಳೂ ಹೀಗೆಯೇ ಇದ್ದವು. ರೈಟ್ ಸಹೋದರರು ಕಿಟ್ಟಿ ಹಾಕ್‌ನ ಮರಳುಬಯಲನ್ನು ಆರಿಸಿಕೊಂಡದ್ದೇ ಅಲ್ಲಿನ ಗಾಳಿಗಾಗಿ. 1903ರ ಡಿಸೆಂಬರ್ 17ರಂದು ಎದುರುಗಾಳಿಗೆ ಮುಖಮಾಡಿ 12 ಸೆಕೆಂಡು, 120 ಅಡಿ ಹಾರಿದರು. ಆಮೇಲಿನ ಹುಲ್ಲುಮೈದಾನಗಳಲ್ಲೂ ಪೈಲಟ್ ಗಾಳಿಚೀಲ ನೋಡಿ, ಗಾಳಿ ಬಂದತ್ತ ಮೂತಿ ತಿರುಗಿಸಿ ಇಳಿದರಾಯಿತು.

ವಿಮಾನಗಳು ಭಾರವಾದವು, ಹುಲ್ಲು ತಡೆಯಲಿಲ್ಲ, ಕಾಂಕ್ರೀಟ್ ಬಂತು. ಕಾಂಕ್ರೀಟಿನ ಕಣ ಹಾಕಲು ಯಾರ ಬಳಿ ಅಷ್ಟು ಹಣವಿತ್ತು? ಬಯಲು ಹೋಗಿ ಪಟ್ಟಿ ಉಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ತ್ರಿಕೋನದಂತೆ ಮೂರು ರನ್‌ವೇ ಹಾಕಿ ಸುಧಾರಿಸಿದ್ದುಂಟು. ಕೊನೆಗೆ ಬಹಳ ಕಡೆ ಉದ್ದನೆಯದು ಒಂದೇ ಸಾಕೆನ್ನುವಂತಾಯಿತು. ಅಂದಿನಿಂದ ಗಾಳಿ ಪಕ್ಕದಿಂದ ಬಂದರೂ ಇಳಿಯಲೇಬೇಕು.

ಬಾಲದ ಕೆಳಗೆ ಚಕ್ರವಿದ್ದ ಹಳೆಯ ವಿಮಾನಗಳಿಗೆ ಇದು ಸಂಕಟ ತಂದಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಇದೇ ಜಾತಿಯದು. 1958ರಲ್ಲಿ ಹಾರಿ, ಮುಂದೆ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿದ ಪುಷ್ಪಕವೂ ಅಷ್ಟೇ. ಇವುಗಳ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಎತ್ತಿನ ಗಾಡಿಯನ್ನು ಹಿಂದಕ್ಕೆ ತಳ್ಳಿದವರಿಗೆ ಇದು ತಕ್ಷಣ ಅರ್ಥವಾದೀತು: ಮುಂದಕ್ಕೆ ಎಳೆದರೆ ನೆಟ್ಟಗೆ ಬರುವ ಗಾಡಿ, ಹಿಂದಕ್ಕೆ ತಳ್ಳಿದರೆ ಸೊಟ್ಟಗಾಗಿ ಇನ್ನಷ್ಟು ಸೊಟ್ಟಗಾಗುತ್ತದೆ. ಅಡ್ಡಗಾಳಿ ಬಾಲದ ರೆಕ್ಕೆಯನ್ನು ತಳ್ಳುತ್ತದೆ, ಮೂತಿ ಗಾಳಿಯತ್ತ ಹೊರಳುತ್ತದೆ, ಹಿಂದಿನ ಭಾರ ಮುನ್ನುಗ್ಗಿ ವಿಮಾನವನ್ನೇ ಬುಗುರಿಯಂತೆ ಸುತ್ತಿಸುತ್ತದೆ. ಪೈಲಟ್‌ಗಳ ಬಾಯಲ್ಲಿ ಇದು ಗ್ರೌಂಡ್ ಲೂಪ್.

ಮೂತಿಯ ಕೆಳಗೆ ಚಕ್ರ ಬಂದದ್ದರಿಂದ ಅರ್ಧ ತಲೆನೋವು ಇಳಿಯಿತು. ಬಾಲಚಕ್ರದ ಸೆಸ್ನಾ 170ಕ್ಕೆ ಮೂತಿಚಕ್ರ ಕೊಟ್ಟು 1956ರಲ್ಲಿ ಮಾರುಕಟ್ಟೆಗೆ ಬಿಟ್ಟ ಸೆಸ್ನಾ 172, ತನ್ನ ಅಣ್ಣನನ್ನೇ ಮೂಲೆಗೆ ಸರಿಸಿತು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-3 ಕೂಡ ಮೂತಿಚಕ್ರದ್ದೇ.

ಉಳಿದರ್ಧ ಪೈಲಟ್‌ನ ಕೈಕಾಲಿನ ಕೆಲಸ. ಗಾಳಿಯತ್ತ ಮೂತಿ ಓರೆ ಮಾಡಿ ಏಡಿಯ ಹಾಗೆ ಬಂದು, ನೆಲ ಮುಟ್ಟುವ ಮುನ್ನ ರಡ್ಡರ್ ಒತ್ತಿ ನೇರವಾಗಬೇಕು. ಗಾಳಿ ಬಂದ ಕಡೆಯ ರೆಕ್ಕೆಯನ್ನು ತಗ್ಗಿಸಿರಬೇಕು. ಚಕ್ರ ತಾಗಿತೆಂದು ಕೈ ಸಡಿಲಿಸುವುದೇ ಹೊಸಬರ ತಪ್ಪು. ವೇಗ ಇಳಿದಷ್ಟೂ ರಡ್ಡರ್‌ನ ಬಲ ಕುಗ್ಗುತ್ತದೆ. ಗಾಳಿಯ ಬಲವೇನೂ ಕುಗ್ಗುವುದಿಲ್ಲ. ಬೀಸು ಹೆಚ್ಚಾಗಿ ರೆಕ್ಕೆ ಎದ್ದರೆ, ವಿಮಾನ ಪಟ್ಟಿ ಬಿಟ್ಟು ಹುಲ್ಲಿಗಿಳಿದಂತೆಯೇ.

ಲೆಕ್ಕ ಸುಲಭ. ಮಂಡಕಳ್ಳಿಯ ರನ್‌ವೇ ಹೆಸರು 09/27, ಅಂದರೆ ಪೂರ್ವ-ಪಶ್ಚಿಮ. ಜಕ್ಕೂರು, ಹುಬ್ಬಳ್ಳಿ, ಬೆಳಗಾವಿಯವು ಅದಕ್ಕೆ ತುಸು ಓರೆಯಾಗಿ 08/26. ಮುಂಗಾರಿನ ಪಡುವಣ ಗಾಳಿ, ಹಿಂಗಾರಿನ ಮೂಡಣ ಗಾಳಿ ಎರಡಕ್ಕೂ ಒಗ್ಗುವ ದಿಕ್ಕು ಇದು. ಆದರೆ ಆಷಾಢದ ಗಾಳಿ ನೆಟ್ಟಗೆ ಪಶ್ಚಿಮದಿಂದ ಬರದೆ ನೈಋತ್ಯದತ್ತ 30 ಡಿಗ್ರಿ ಓರೆಯಾಯಿತೆನ್ನಿ. 20 ನಾಟ್ ಗಾಳಿಯಲ್ಲಿ 10 ನಾಟ್ ಅಡ್ಡಗಾಳಿಯ ಪಾಲಿಗೆ ಹೋಗುತ್ತದೆ. ಸೆಸ್ನಾ 172ರಲ್ಲಿ ಪರೀಕ್ಷಾ ಪೈಲಟ್‌ಗಳು ಇಳಿದು ತೋರಿಸಿದ್ದು 15 ನಾಟ್ ಅಡ್ಡಗಾಳಿಯವರೆಗೆ, ಎಂದರೆ ಗಂಟೆಗೆ ಸುಮಾರು 28 ಕಿ.ಮೀ.

ಆಷಾಢದಲ್ಲಿ ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಪುಟ್ಟ ವಿಮಾನವೊಂದು ಮೂತಿ ಸೊಟ್ಟ ಮಾಡಿಕೊಂಡು ಮಂಡಕಳ್ಳಿಗೆ ಇಳಿಯುವುದು ಕಂಡರೆ ಗಾಬರಿ ಬೇಡ. ಒಳಗೆ ಕೂತವರು ಸರಿಯಾಗಿಯೇ ಇಳಿಸುತ್ತಿದ್ದಾರೆ.