ಪದವಿಯಲ್ಲಿ ಶಿಕ್ಷಣಶಾಸ್ತ್ರ ಓದಿದವರೆಲ್ಲ ಶಿಕ್ಷಕರಾಗುವರೇ?

ಚಾಮರಾಜನಗರ: ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಮನೆಗಳಲ್ಲಿ ಮೂಡುವ ಮೊದಲ ಪ್ರಶ್ನೆ 'ಮುಂದೇನು?' ಎಂಬುದು. ಕಲಾ ವಿಭಾಗದಲ್ಲಿ ಓದಿದ ಮಕ್ಕಳ ಪಾಲಿಗೆ, ಅದರಲ್ಲೂ ಹೆಣ್ಣುಮಕ್ಕಳ ಪಾಲಿಗೆ, ಹಿರಿಯರಿಂದ ಬರುವ ಸಿದ್ಧ ಉತ್ತರ 'ಟೀಚರ್ ಆಗಲಿ' ಎಂಬುದೇ ಆಗಿದೆ. ತರಕಾರಿ, ಅರಿಶಿನ, ಬಾಳೆಯ ಬೆಲೆಯನ್ನು ನಂಬಿ ಬದುಕುವ ಕುಟುಂಬಗಳಿಗೆ ಊರಿನಲ್ಲಿ ಕಣ್ಣೆದುರೇ ಕಾಣುವ ತಿಂಗಳ ಸಂಬಳದ ಉದ್ಯೋಗವೆಂದರೆ ಶಾಲೆಯ ಮೇಷ್ಟ್ರದು.

ಆದರೆ ಶಿಕ್ಷಕರಾಗುವ ದಾರಿ ಒಂದಲ್ಲ. ಯಾವ ಬಾಗಿಲಿನಿಂದ ಒಳಹೊಕ್ಕರೆ ಯಾವ ತರಗತಿಯವರೆಗೆ ಹೋಗಬಹುದು ಎಂಬುದನ್ನು ನಿಯಮಗಳು ಮೊದಲೇ ನಿರ್ಧರಿಸಿವೆ. ಹದಿನೆಂಟನೆಯ ವಯಸ್ಸಿನಲ್ಲಿ ಅರ್ಜಿ ತುಂಬುವಾಗ ಇದನ್ನು ತಿಳಿದವರು ಕಡಿಮೆ. ತಿಳಿಯುವ ಹೊತ್ತಿಗೆ ಮೂರರಿಂದ ಐದು ವರ್ಷ ಕಳೆದಿರುತ್ತದೆ.

ವಿಷಯ ಬೇರೆ, ತರಬೇತಿ ಬೇರೆ

ರಾಜ್ಯದ ಪದವಿಪೂರ್ವ ಕಲಾ ವಿಭಾಗದಲ್ಲಿ ಶಿಕ್ಷಣಶಾಸ್ತ್ರವು ಐಚ್ಛಿಕ ವಿಷಯಗಳಲ್ಲೊಂದು. ಕೆಲವು ವಿಶ್ವವಿದ್ಯಾಲಯಗಳ ಬಿ.ಎ. ಪದವಿಯಲ್ಲಿಯೂ ಇತಿಹಾಸ, ಸಮಾಜಶಾಸ್ತ್ರಗಳ ಜತೆಗೆ ಇದನ್ನು ಓದಬಹುದು. ಮಗುವಿನ ಬೆಳವಣಿಗೆ, ಕಲಿಕೆಯ ಮನೋವಿಜ್ಞಾನ, ಶಿಕ್ಷಣದ ಇತಿಹಾಸ ಮತ್ತು ತತ್ತ್ವಗಳು ಇದರ ಮುಖ್ಯ ಪಾಠಗಳು.

ಇಲ್ಲಿಯೇ ಮೊದಲ ತಪ್ಪು ಕಲ್ಪನೆ ಹುಟ್ಟುತ್ತದೆ. ಬಿ.ಎ.ಯಲ್ಲಿ ಶಿಕ್ಷಣಶಾಸ್ತ್ರ ಓದಿದ ಮಾತ್ರಕ್ಕೆ ಯಾರೂ ಶಿಕ್ಷಕ ಹುದ್ದೆಗೆ ಅರ್ಹರಾಗುವುದಿಲ್ಲ. ಅದು ಒಂದು ಜ್ಞಾನಶಾಖೆಯ ಅಧ್ಯಯನವೇ ಹೊರತು ವೃತ್ತಿ ತರಬೇತಿಯಲ್ಲ. ಅಷ್ಟೇ ಅಲ್ಲ, 6ರಿಂದ 10ನೇ ತರಗತಿಯವರೆಗೆ ಶಾಲೆಯಲ್ಲಿ 'ಶಿಕ್ಷಣಶಾಸ್ತ್ರ' ಎಂಬ ಪಾಠವೇ ಇಲ್ಲ. ನೇಮಕಾತಿ ನಡೆಯುವುದು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಂತಹ ವಿಷಯಗಳಿಗೆ. ಆದ್ದರಿಂದ ಪದವಿಯಲ್ಲಿ ಶಿಕ್ಷಣಶಾಸ್ತ್ರವನ್ನು ಆರಿಸಿಕೊಳ್ಳುವವರು ಅದರ ಜತೆಯಲ್ಲಿರುವ ಉಳಿದ ವಿಷಯಗಳು ಶಾಲಾ ಬೋಧನೆಗೆ ಸಲ್ಲುತ್ತವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ನಾಲ್ಕು ಬಾಗಿಲುಗಳು

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 1ರಿಂದ 8ನೇ ತರಗತಿವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿಪಡಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು (ಟಿಇಟಿ) ಕಡ್ಡಾಯಗೊಳಿಸಿತು. ಇಂದಿನ ದಾರಿಗಳು ಸ್ಥೂಲವಾಗಿ ಹೀಗಿವೆ:

* ಡಿ.ಎಲ್.ಇಡಿ.: ಹಳಬರು 'ಟಿಸಿಎಚ್' ಎಂದೂ ಬಳಿಕ 'ಡಿ.ಇಡಿ.' ಎಂದೂ ಕರೆಯುತ್ತಿದ್ದ ಕೋರ್ಸ್. ಪಿಯುಸಿ ನಂತರ ಎರಡು ವರ್ಷ. 1ರಿಂದ 5ನೇ ತರಗತಿಗೆ ಅರ್ಹತೆ.

* ಪದವಿಯ ಜತೆಗೆ ಡಿ.ಎಲ್.ಇಡಿ. ಅಥವಾ ಬಿ.ಇಡಿ.: 6ರಿಂದ 8ನೇ ತರಗತಿಗೆ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ.

* ಪದವಿಯ ಜತೆಗೆ ಬಿ.ಇಡಿ.: ಪ್ರೌಢಶಾಲೆಗೆ. ಇದರ ಮೇಲೆ ಸ್ನಾತಕೋತ್ತರ ಪದವಿಯೂ ಇದ್ದರೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ.

* ನಾಲ್ಕು ವರ್ಷಗಳ ಸಂಯೋಜಿತ ಪದವಿ (ಐಟಿಇಪಿ): ಪಿಯುಸಿ ನಂತರ ನೇರ ಪ್ರವೇಶ. ಪದವಿ ಮತ್ತು ಬಿ.ಇಡಿ. ಒಟ್ಟಿಗೇ ಕೈಸೇರುತ್ತವೆ.

ಬಿ.ಇಡಿ. ಮಾಡಿದವರು ಕಿರಿಯ ತರಗತಿಗೂ ಅರ್ಹರೇ ಎಂಬ ಗೊಂದಲ ಬಹುಕಾಲ ಇತ್ತು. 2018ರಲ್ಲಿ ಎನ್‌ಸಿಟಿಇ ಅವರಿಗೂ ಅವಕಾಶ ಕಲ್ಪಿಸಿ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಅನೂರ್ಜಿತಗೊಳಿಸಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ತರಬೇತಿಯನ್ನು ಬೇಡುವ ಕೆಲಸ ಎಂಬುದು ಈ ತೀರ್ಪಿನ ತಿರುಳು. 'ದೊಡ್ಡ ಪದವಿ ಇದ್ದರೆ ಚಿಕ್ಕ ತರಗತಿ ಸುಲಭ' ಎಂಬ ನಂಬಿಕೆಗೆ ಕಾನೂನಿನಲ್ಲಿ ಈಗ ಆಸ್ಪದವಿಲ್ಲ.

ದೂರದ ಲೆಕ್ಕ

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿ ಹದಿನೆಂಟನೆಯ ವಯಸ್ಸಿನಲ್ಲಿ ಪಿಯುಸಿ ಮುಗಿಸಿದಳೆಂದು ಭಾವಿಸೋಣ. ಚಾಮರಾಜನಗರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಡಿ.ಎಲ್.ಇಡಿ. ಸೇರಿದರೆ ಇಪ್ಪತ್ತಕ್ಕೆ ಮುಗಿಯುತ್ತದೆ. ಗುಂಡ್ಲುಪೇಟೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪದವಿ ಪಡೆದು ಬಳಿಕ ಬಿ.ಇಡಿ. ಮಾಡಿದರೆ ಇಪ್ಪತ್ತಮೂರಾಗುತ್ತದೆ. ಸಂಯೋಜಿತ ಪದವಿಯಾದರೆ ಇಪ್ಪತ್ತೆರಡು.

ಲೆಕ್ಕದಲ್ಲಿ ಸಂಯೋಜಿತ ಪದವಿಯೇ ಲಾಭದಾಯಕ. ಈ ಭಾಗಕ್ಕೆ ಸಮೀಪದಲ್ಲಿ ಅದಕ್ಕೆ ಹೆಸರಾದ ಸಂಸ್ಥೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ). 1963ರಲ್ಲಿ ಆರಂಭವಾದ ಈ ಸಂಸ್ಥೆ ನಾಲ್ಕು ವರ್ಷದ ಬಿ.ಎಸ್ಸಿ.ಇಡಿ. ಕೋರ್ಸನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆಯೂ ಇದೆ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರಿಗೆ ಸರಿಸುಮಾರು 60 ಕಿ.ಮೀ. ಆದರೆ ನೆಲದ ದೂರಕ್ಕಿಂತ ಬೇರೆ ದೂರಗಳು ಹೆಚ್ಚು. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು, ದಕ್ಷಿಣದ ಎಲ್ಲ ರಾಜ್ಯಗಳ ವಿದ್ಯಾರ್ಥಿಗಳೊಡನೆ ಸ್ಪರ್ಧಿಸಬೇಕು, ಬೋಧನೆ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಕ್ಕಳಿಗೆ ಇದರ ಸುಳಿವು ಪಿಯುಸಿಯ ಮೊದಲ ವರ್ಷದಲ್ಲೇ ಸಿಗದಿದ್ದರೆ ಸಿದ್ಧತೆಗೆ ಸಮಯವೇ ಉಳಿಯದು.

ಚಾಮರಾಜನಗರದಿಂದ ಮೈಸೂರಿಗೆ ರೈಲು ಇದೆ, ಗುಂಡ್ಲುಪೇಟೆಗೆ ರೈಲು ಮಾರ್ಗವಿಲ್ಲ. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಬಸ್ ಪ್ರಯಾಣ ಹೆಣ್ಣುಮಕ್ಕಳ ಬಸ್ ವೆಚ್ಚವನ್ನು ಇಳಿಸಿದೆ. ಮೈಸೂರಿನ ಕಾಲೇಜನ್ನು ಆಯ್ಕೆಯ ಪಟ್ಟಿಗೆ ಸೇರಿಸಿಕೊಳ್ಳಲು ಇದು ಸಣ್ಣ ನೆರವಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು. ಇತ್ತ ರಾಜ್ಯ ಸರ್ಕಾರ 2024–25ನೇ ಸಾಲಿನಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಎರಡು ನೀತಿಗಳ ನಡುವೆ ನಿಂತಿರುವವರು ಈಗ ಪದವಿಗೆ ಸೇರುತ್ತಿರುವ ಮಕ್ಕಳು.

ಮನಸ್ಸು ಬದಲಾಗುವ ಜಾಗ

ಶಿಕ್ಷಣ ಓದುವುದರಿಂದ ವೃತ್ತಿಯ ಯೋಜನೆ ನಿಜವಾಗಿ ಬದಲಾಗುವುದು ಪುಸ್ತಕದಲ್ಲಿ ಅಲ್ಲ, ಶಾಲೆಯಲ್ಲಿ. ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಅದರಲ್ಲಿ 20 ವಾರಗಳ ಶಾಲಾ ಅನುಭವ ಕಡ್ಡಾಯ. ಪಾಠ ಯೋಜನೆ ಬರೆದು, ಕಲಿಕೋಪಕರಣ ಮಾಡಿಕೊಂಡು ಮಕ್ಕಳ ಮುಂದೆ ನಿಂತಾಗ 'ಸರ್ಕಾರಿ ಕೆಲಸ' ಎಂಬ ಮಸುಕಾದ ಆಸೆ 'ಇದು ನನ್ನ ಕೆಲಸವೇ?' ಎಂಬ ಸ್ಪಷ್ಟ ಪ್ರಶ್ನೆಯಾಗಿ ಮಾರ್ಪಡುತ್ತದೆ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಹಳ್ಳಿಯ ಶಾಲೆ, ಕಾಡಂಚಿನ ಸೋಲಿಗ ಮತ್ತು ಜೇನುಕುರುಬ ಮಕ್ಕಳ ಆಶ್ರಮ ಶಾಲೆ ಇವೆಲ್ಲ ಈ ಜಿಲ್ಲೆಯ ವಾಸ್ತವ. ಕೆಲವರಲ್ಲಿ ಇದು ಆಸೆಯನ್ನು ಗಟ್ಟಿಗೊಳಿಸುತ್ತದೆ, ಕೆಲವರನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಎರಡೂ ಒಳ್ಳೆಯದೇ.

ತೊಂದರೆ ಇರುವುದು ಈ ಪ್ರಶ್ನೆ ಎದುರಾಗುವ ಕಾಲದಲ್ಲಿ. ಪದವಿ ಮುಗಿಸಿ ಬಿ.ಇಡಿ. ಮಾಡುವವರು ತರಗತಿಯನ್ನು ಮೊದಲ ಬಾರಿಗೆ ಎದುರಿಸುವುದು ಇಪ್ಪತ್ತೊಂದರ ಬಳಿಕ. ಅಷ್ಟರಲ್ಲಿ ಶುಲ್ಕ ಕಟ್ಟಿಯಾಗಿದೆ, ಮನೆಯವರ ನಿರೀಕ್ಷೆ ಬೆಳೆದಿದೆ. 'ನನಗೆ ಇದು ಒಗ್ಗದು' ಎಂದು ತಿಳಿದರೂ ಹಿಂತಿರುಗುವುದು ಕಷ್ಟ. ಡಿ.ಎಲ್.ಇಡಿ. ಮತ್ತು ಸಂಯೋಜಿತ ಪದವಿಯಲ್ಲಿ ಈ ಭೇಟಿ ಬೇಗ ಆಗುತ್ತದೆ. ಆದರೆ ನಿರ್ಧಾರವನ್ನು ಇನ್ನೂ ಎಳೆಯ ವಯಸ್ಸಿನಲ್ಲಿ ತೆಗೆದುಕೊಳ್ಳಬೇಕಾಗುತ್ತದೆ.

ಕಾಯುವ ವರ್ಷಗಳು

ಪ್ರಮಾಣಪತ್ರ ಕೈಗೆ ಬಂದ ಮೇಲೆ ಟಿಇಟಿ. 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇ 60 ಅಂಕ ಪಡೆಯಬೇಕು. 2021ರಲ್ಲಿ ಇದರ ಮಾನ್ಯತೆಯನ್ನು ಜೀವಿತಾವಧಿಗೆ ವಿಸ್ತರಿಸಿದ್ದು ಅಭ್ಯರ್ಥಿಗಳಿಗೆ ದೊಡ್ಡ ಸಮಾಧಾನ ನೀಡಿತು. ಆದರೆ ಟಿಇಟಿ ಅರ್ಹತೆ ಮಾತ್ರ, ನೇಮಕಾತಿಗೆ ಮತ್ತೊಂದು ಪರೀಕ್ಷೆ ಬರೆಯಬೇಕು. ಅದು ಯಾವಾಗ ನಡೆಯುತ್ತದೆಂದು ಮೊದಲೇ ಹೇಳಲಾಗದು.

2022ರ ಮೇ ತಿಂಗಳಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗಳಿಗೆ ನಡೆದ ಪರೀಕ್ಷೆ ಈ ವಿಷಯದಲ್ಲಿ ಕಣ್ತೆರೆಸುವ ಉದಾಹರಣೆ. ಹುದ್ದೆಗಳಷ್ಟು ಅರ್ಹರು ಸಿಗದೆ ಆಯ್ಕೆಪಟ್ಟಿ ಸುಮಾರು 13 ಸಾವಿರಕ್ಕೆ ನಿಂತಿತು. ವಿವಾಹಿತ ಮಹಿಳಾ ಅಭ್ಯರ್ಥಿಗಳು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಸಲ್ಲಿಸಬೇಕೋ ಪತಿಯ ಹೆಸರಿನಲ್ಲೋ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿ, ನೇಮಕಾತಿ 2023ರವರೆಗೂ ಎಳೆಯಿತು. ಒಂದೆಡೆ ಭರ್ತಿಯಾಗದ ಹುದ್ದೆಗಳು, ಇನ್ನೊಂದೆಡೆ ಕೆಲಸವಿಲ್ಲದ ತರಬೇತಾದವರು. ಇದರ ಅರ್ಥವೇನೆಂದರೆ, ಪ್ರಮಾಣಪತ್ರವನ್ನು ಗಳಿಸುವುದೇ ಸಾಲದು, ಬೋಧಿಸುವ ವಿಷಯದ ಮೇಲೆ ಹಿಡಿತವೂ ಬೇಕು.

ಈ ನಡುವಿನ ಅವಧಿಯಲ್ಲಿ ಹಲವರಿಗೆ ಒದಗುವುದು ಅತಿಥಿ ಶಿಕ್ಷಕರ ಕೆಲಸ. 2025–26ನೇ ಸಾಲಿನ ರಾಜ್ಯ ಬಜೆಟ್‌ನಲ್ಲಿ ಇವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸುವುದಾಗಿ ಪ್ರಕಟಿಸಲಾಯಿತು. ಆದರೂ ಇದು ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತವಾದ ಕೆಲಸ. ಅನುಭವ ಗಳಿಸಲು ಒಂದೆರಡು ವರ್ಷ ಒಳ್ಳೆಯದು, ಬದುಕನ್ನು ಅದರ ಮೇಲೆಯೇ ಕಟ್ಟುವುದು ಅಪಾಯ.

ಶಾಲೆಯ ಆಚೆಗೆ

ಶಿಕ್ಷಣ ಓದಿದವರಿಗೆ ಸರ್ಕಾರಿ ಶಾಲೆಯೊಂದೇ ಗುರಿಯಾಗಬೇಕಿಲ್ಲ. ಚಾಮರಾಜನಗರದಲ್ಲಿ ಜಿ.ಎಸ್. ಜಯದೇವ ಅವರು ಕಟ್ಟಿದ ದೀನಬಂಧು ಸಂಸ್ಥೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇವೆರಡೂ ಮಕ್ಕಳ ಕಲಿಕೆಯ ಕೆಲಸಕ್ಕೆ ಬೇರೆ ಮಾದರಿಗಳನ್ನು ತೋರಿಸಿವೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣಕ್ಕಾಗಿ ವಿಶೇಷ ಬಿ.ಇಡಿ. ಇದೆ. ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ 'ನಲಿ-ಕಲಿ' ಪದ್ಧತಿ 1995ರಲ್ಲಿ ರೂಪುಗೊಂಡದ್ದು ಇಲ್ಲಿಗೆ ದೂರವಲ್ಲದ ಹೆಗ್ಗಡದೇವನಕೋಟೆಯಲ್ಲಿ. ಅದನ್ನು ಬೆಳೆಸಿದವರು ಸಾಮಾನ್ಯ ಸರ್ಕಾರಿ ಶಾಲಾ ಶಿಕ್ಷಕರು. ಮುಂದೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಪಠ್ಯ ರಚನೆ, ತರಬೇತಿ, ಸಂಶೋಧನೆ ಮುಂತಾದ ಕೆಲಸಗಳೂ ಶಿಕ್ಷಣದ ಓದಿನಿಂದಲೇ ತೆರೆದುಕೊಳ್ಳುತ್ತವೆ.

ಅರ್ಜಿ ತುಂಬುವ ಮುನ್ನ

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಚಾಮರಾಜನಗರ ಜಿಲ್ಲೆಯದು ಶೇ 61ರ ಆಸುಪಾಸಿನಲ್ಲಿತ್ತು. ಒಳ್ಳೆಯ ಶಿಕ್ಷಕರ ಅಗತ್ಯ ಇಲ್ಲಿಗಿಂತ ಹೆಚ್ಚಾಗಿ ಇರುವ ಜಿಲ್ಲೆಗಳು ಕಡಿಮೆ. ಹಾಗಾಗಿ ಶಿಕ್ಷಕರಾಗುವ ಕನಸನ್ನು ಯಾರೂ ಬಿಡಬೇಕಿಲ್ಲ, ಅದನ್ನು ಕಣ್ತೆರೆದು ಕಾಣಬೇಕು ಅಷ್ಟೆ.

ಅರ್ಜಿ ತುಂಬುವ ಮುನ್ನ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ನಾನು ಯಾವ ವಯಸ್ಸಿನ ಮಕ್ಕಳಿಗೆ ಕಲಿಸಬೇಕೆಂದಿದ್ದೇನೆ? ನನ್ನ ಪದವಿಯ ವಿಷಯಗಳು ಆ ತರಗತಿಗೆ ಸಲ್ಲುತ್ತವೆಯೇ? ನೇಮಕಾತಿ ಮೂರು ವರ್ಷ ತಡವಾದರೆ ನನ್ನ ಬಳಿ ಬೇರೆ ದಾರಿ ಇದೆಯೇ? ಇವುಗಳಿಗೆ ಉತ್ತರ ಕಂಡುಕೊಳ್ಳಲು ಸುಲಭದ ಉಪಾಯವೂ ಒಂದಿದೆ. ರಜೆಯಲ್ಲಿ ಕೆಲವು ದಿನ ತಮ್ಮದೇ ಊರಿನ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಮಗ್ಗಿಯನ್ನೋ ಕಾಗುಣಿತವನ್ನೋ ಹೇಳಿಕೊಡುವುದು. ಬಿ.ಇಡಿ. ಕಾಲೇಜಿನಲ್ಲಿ ಐದನೆಯ ವರ್ಷಕ್ಕೆ ತಿಳಿಯುವ ಸಂಗತಿ ಅಲ್ಲಿ ಐದನೆಯ ದಿನಕ್ಕೇ ತಿಳಿದೀತು.